ಒಂದೆಲಗ ಮತ್ತು ಉಲಾಂ: ಎಲೆಯನ್ನದ ಚರಿತ್ರೆಯಲ್ಲಿ ಮದರಾಸಿನ ಕನ್ನಡ ಅಡುಗೆಮನೆ

ಒಂದು ಜನ ತನ್ನ ನಾಡನ್ನು ಬಿಟ್ಟು ಪರಸ್ಥಳದಲ್ಲಿ ನೆಲಸುವಾಗ ತನ್ನೊಡನೆ ಒಯ್ಯುವ ಸಂಪತ್ತಿನಲ್ಲಿ ಮಾತು ಮೊದಲನೆಯದಾದರೆ ಅಡುಗೆ ಎರಡನೆಯದು. ಮಾತಿನ ಚರಿತ್ರೆಗೆ ಶಾಸನ, ಕಾವ್ಯ, ನಿಘಂಟುಗಳ ಆಧಾರವಿದೆ. ಅಡುಗೆಯ ಚರಿತ್ರೆಗೆ ಅಂತಹ ಆಧಾರಗಳು ವಿರಳ. ಪ್ರತಿದಿನವೂ ಬೇಯಿಸಿ ಉಂಡು ಮುಗಿಸುವ ವಸ್ತುವನ್ನು ಬರೆದಿಡಬೇಕೆಂದು ಹೆಚ್ಚಿನವರಿಗೆ ತೋರಿದುದಿಲ್ಲ. ಆದುದರಿಂದ ಅಡುಗೆಯಲ್ಲಿ ಯಾವುದು ಉಳಿಯಿತೆಂಬುದನ್ನು ತಿಳಿಯುವುದು ಸುಲಭ. ಯಾವುದು ದಾರಿಯಲ್ಲಿ ಬಿದ್ದುಹೋಯಿತೆಂಬುದನ್ನು ತಿಳಿಯುವುದು ಕಷ್ಟ.

ಮದರಾಸಿನಲ್ಲಿ ಕನ್ನಡಿಗರ ಅಡುಗೆಯೆಂದರೆ ಉಡುಪಿ ಹೋಟೆಲಿನ ಅಡುಗೆ ಎಂಬ ಭಾವನೆ ಬೇರೂರಿ ಮುಕ್ಕಾಲು ಶತಮಾನಕ್ಕೂ ಮಿಕ್ಕು ಕಾಲ ಕಳೆದಿದೆ. ಈ ಭಾವನೆ ಕನ್ನಡಿಗರಿಗೆ ಗೌರವವನ್ನು ತಂದಿರುವುದು ನಿಜ. ಆದರೆ ಹೋಟೆಲು ಕರಾವಳಿಯ ಅಡುಗೆಮನೆಯನ್ನು ಸಮಗ್ರವಾಗಿ ಹೊತ್ತು ತಂದಿತೇ ಎಂಬ ಪ್ರಶ್ನೆಯನ್ನು ಕೇಳಿಕೊಂಡರೆ, ಉತ್ತರ ಇಲ್ಲವೆಂದೇ ಬರುತ್ತದೆ. ಅದು ತರದೆ ಬಿಟ್ಟುದರಲ್ಲಿ ಮುಖ್ಯವಾದುದು ಸೊಪ್ಪಿನ ತಂಬುಳಿ. ಅದು ಎಷ್ಟು ಬೆಲೆಯುಳ್ಳ ವಸ್ತುವೆಂಬುದು, ಸಮುದ್ರದಾಚೆಯ ಮಲಯ ದೇಶದ ಒಂದು ಊಟದೊಡನೆ ಅದನ್ನಿಟ್ಟು ನೋಡಿದಾಗ ಚೆನ್ನಾಗಿ ಮನದಟ್ಟಾಗುತ್ತದೆ.

ಆ ಊಟದ ಹೆಸರು ನಾಸಿ ಉಲಾಂ. ಮಲಯ ಭಾಷೆಯಲ್ಲಿ ನಾಸಿ ಎಂದರೆ ಅನ್ನ; ಉಲಾಂ ಎಂದರೆ ಹಸಿಯಾಗಿ ತಿನ್ನುವ ಸೊಪ್ಪು, ಚಿಗುರು. ಅನ್ನವನ್ನು ಉದುರಾಗಿ ಮಾಡಿ ಆರಲು ಬಿಡುತ್ತಾರೆ. ಎಲೆಗಳನ್ನು ಒಂದರ ಮೇಲೊಂದಿಟ್ಟು ಬಿಗಿಯಾಗಿ ಸುರುಳಿ ಸುತ್ತಿ, ನೂಲಿನೆಳೆಯಂತೆ ಸಣ್ಣಗೆ ಹೆಚ್ಚುತ್ತಾರೆ. ಅರಿಶಿನದ ಎಳೆಯೆಲೆ, ವೀಳ್ಯದೆಲೆಯ ದಾಯಾದಿಯಾದ ಕಾಡುಕ್ ಎಲೆ, ಕಟುವಾದ ಪರಿಮಳವುಳ್ಳ ಕೆಸೂಮ್ ಎಲೆ, ನಿಂಬೆಹುಲ್ಲು, ಪೆಗಾಗ ಮೊದಲಾದವು ಇದರಲ್ಲಿ ಸೇರುತ್ತವೆ. ಮನೆಮನೆಗೂ, ಋತುಋತುವಿಗೂ ಎಲೆಗಳು ಬದಲಾಗುತ್ತವೆ. ತೆಂಗಿನ ತುರಿಯನ್ನು ಕಂದುಬಣ್ಣ ಬರುವವರೆಗೆ ಹುರಿದು, ಎಣ್ಣೆ ಬಿಡುವಂತೆ ಕುಟ್ಟಿದ ಪುಡಿಗೆ ಕೆರಿಸಿಕ್ ಎಂದು ಹೆಸರು. ಇದನ್ನೂ, ಸಣ್ಣ ಈರುಳ್ಳಿಯನ್ನೂ, ಒಣಮೀನು ಅಥವಾ ಒಣಸೀಗಡಿಯನ್ನೂ ಸೇರಿಸಿ, ಉಣ್ಣುವ ಹೊತ್ತಿಗೆ ಸರಿಯಾಗಿ ಅನ್ನದೊಡನೆ ಕಲಸುತ್ತಾರೆ. ಮೊದಲೇ ಕಲಸಿಟ್ಟರೆ ಎಲೆ ಬಾಡಿ ಕಪ್ಪಾಗುತ್ತದೆ, ಕಂಪು ಹೋಗುತ್ತದೆ. ಪರ್ಯಾಯದ್ವೀಪದ ಪೂರ್ವ ಕರಾವಳಿಯ ಕೆಲಾಂತಾನ್ ಪ್ರಾಂತ್ಯದಲ್ಲಿ ಇದೇ ಬಗೆಯ ನಾಸಿ ಕೆರಾಬು ಎಂಬ ಊಟವಿದೆ. ಅದರ ಅನ್ನವನ್ನು ಶಂಖಪುಷ್ಪದ ನೀರಿನಲ್ಲಿ ಬೇಯಿಸಿ ನೀಲಿಯಾಗಿಸುತ್ತಾರೆ. ಕನ್ನಡನಾಡಿನಲ್ಲಿ ಬೇಲಿಯ ಮೇಲೆ ಹಬ್ಬಿ ದೇವರ ಪೂಜೆಗೆ ಸಲ್ಲುವ ಹೂವು ಅಲ್ಲಿ ಅನ್ನದ ಪಾತ್ರೆಗೆ ಸಲ್ಲುತ್ತದೆ.

ಇನ್ನು ಕನ್ನಡ ಕರಾವಳಿಯತ್ತ ನೋಡಬೇಕು. ಉತ್ತರ ಕನ್ನಡ, ದಕ್ಷಿಣ ಕನ್ನಡ, ಶಿವಮೊಗ್ಗೆಯ ಮಲೆನಾಡು ಮತ್ತು ಕಾಸರಗೋಡಿನ ಮನೆಗಳಲ್ಲಿ ಊಟದ ಆರಂಭಕ್ಕೆ ಬಿಸಿಯನ್ನದ ಮೇಲೆ ಬಡಿಸುವುದು ತಂಬುಳಿಯನ್ನು. ತಂಪು, ಪುಳಿ ಎಂಬೆರಡು ಮಾತುಗಳು ಸೇರಿ ಈ ಹೆಸರಾಯಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಒಂದೆಲಗವನ್ನು ಬೇರುಸಹಿತ ತೊಳೆದು, ಹಸಿಯಾಗಿಯೇ ತೆಂಗಿನ ತುರಿಯೊಡನೆ ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕದಡುತ್ತಾರೆ. ದೊಡ್ಡಪತ್ರೆ, ದಾಳಿಂಬೆಯ ಚಿಗುರು, ನೆಕ್ಕರಿಕದ ಕುಡಿ ಮೊದಲಾದವನ್ನಾದರೆ ಜೀರಿಗೆ, ಕಾಳುಮೆಣಸುಗಳೊಡನೆ ತುಪ್ಪದಲ್ಲಿ ಬಾಡಿಸಿಕೊಂಡು ಅರೆಯುತ್ತಾರೆ. ಅರೆದ ಮೇಲೆ ಕುದಿಸುವುದಿಲ್ಲ. ಇದೇ ತಂಬುಳಿಯ ಲಕ್ಷಣ. ಹುಳಿ, ಸಾರು, ಪಲ್ಯಗಳೆಲ್ಲ ಒಲೆಯ ಮೇಲೆ ಪೂರ್ಣವಾಗುವ ಅಡುಗೆಗಳಾದರೆ ತಂಬುಳಿ ಒರಳಿನಲ್ಲಿ ಪೂರ್ಣವಾಗುವ ಅಡುಗೆ. ಮೆಣಸಿನಕಾಯಿ ಇಲ್ಲದೆಯೂ ಇದರ ರುಚಿಗೆ ಕೊರತೆಯಾಗದಿರುವುದನ್ನು ಗಮನಿಸಿದರೆ, ಅಮೆರಿಕದಿಂದ ಮೆಣಸಿನಕಾಯಿ ಬರುವುದಕ್ಕೆ ಹಿಂದಿನ ಪಾಕಕ್ರಮದ ಕುರುಹನ್ನು ಇದು ಉಳಿಸಿಕೊಂಡಿದೆಯೆಂದು ಊಹಿಸಲು ಅವಕಾಶವಿದೆ.

ಎರಡು ಊಟಗಳೂ ಒಂದೇ ಅಲ್ಲ. ಮಲಯರು ಎಲೆಯನ್ನು ಹೆಚ್ಚುತ್ತಾರೆ, ಕರಾವಳಿಯವರು ಅರೆಯುತ್ತಾರೆ. ಅಲ್ಲಿ ಒಣಮೀನಿನ ಉಪ್ಪು, ಇಲ್ಲಿ ಮಜ್ಜಿಗೆಯ ಹುಳಿ. ಅರಿಶಿನದ ಎಲೆಯನ್ನು ಅವರು ತಿನ್ನುತ್ತಾರೆ. ಇಲ್ಲಿ ಅದರಲ್ಲಿ ಕಡುಬನ್ನು ಮಡಿಚಿ ಬೇಯಿಸಿ, ಕಂಪನ್ನು ಮಾತ್ರ ಪಡೆದು ಎಲೆಯನ್ನು ಎಸೆಯುತ್ತಾರೆ. ಆದರೂ ಅನ್ನ, ತೆಂಗು, ಬೆಂಕಿ ಕಾಣದ ಅಥವಾ ಅಲ್ಪವಾಗಿ ಕಂಡ ಎಲೆ ಈ ಮೂರರ ಕೂಟವೇ ಎರಡರ ತಿರುಳೂ ಆಗಿದೆ. ಇವೆರಡರ ಮಧ್ಯದಲ್ಲಿ ನಿಲ್ಲುವ ಮೂರನೆಯದೊಂದು ಸಿಂಹಳದಲ್ಲಿದೆ. ಅಲ್ಲಿ ಗೊಟುಕೊಳ ಎಂಬ ಎಲೆಯನ್ನು ಸಣ್ಣಗೆ ಹೆಚ್ಚಿ, ತೆಂಗಿನ ತುರಿ, ಈರುಳ್ಳಿ, ನಿಂಬೆರಸಗಳೊಡನೆ ಕಲಸಿ ಅನ್ನದೊಡನೆ ಉಣ್ಣುತ್ತಾರೆ. ಇದನ್ನು ಗೊಟುಕೊಳ ಸಂಬೋಲ ಎನ್ನುತ್ತಾರೆ. ಸಂಬೋಲ ಎಂಬುದು ಮಲಯದ ಸಂಬಾಲ್ ಎಂಬ ಮಾತಿನ ರೂಪಾಂತರ. ಡಚ್ಚರ ಆಳ್ವಿಕೆಯಲ್ಲಿ ಮಲಯ ಜನ ಸಿಂಹಳಕ್ಕೆ ಬಂದು ನೆಲಸಿದುದು ಇತಿಹಾಸಪ್ರಸಿದ್ಧವಾಗಿದೆ.

ಗೊಟುಕೊಳವೆಂಬುದು ಬೇರೇನೂ ಅಲ್ಲ, ಕನ್ನಡದ ಒಂದೆಲಗವೇ. ಮಲಯದ ಪೆಗಾಗವೂ ಅದೇ. ಸಂಸ್ಕೃತದ ಮಂಡೂಕಪರ್ಣಿ, ತುಳುವಿನ ತಿಮರೆ, ತಮಿಳಿನ ವಲ್ಲಾರೈ, ತೆಲುಗಿನ ಸರಸ್ವತಿ ಆಕು ಎಲ್ಲವೂ ಇದರ ಹೆಸರುಗಳೇ. ಗದ್ದೆಯ ಬದು, ಅಡಕೆತೋಟದ ಕಾಲುವೆ, ಬಾವಿಕಟ್ಟೆಯ ತೇವ ಎಲ್ಲಿದೆಯೋ ಅಲ್ಲಿ ನೆಲಕ್ಕಂಟಿ ಹರಿಯುವ ಈ ಬಳ್ಳಿಗೆ ಗೆಣ್ಣುಗೆಣ್ಣಿನಲ್ಲೂ ಬೇರು. ಇದನ್ನು ಕನ್ನಡಿಗರು ಬ್ರಾಹ್ಮಿಯೆಂದೂ ಕರೆಯುವುದರಿಂದ ಗೊಂದಲವುಂಟಾಗಿದೆ. ನೀರುಬ್ರಾಹ್ಮಿಯೆಂಬ ಇನ್ನೊಂದು ಸಸ್ಯವೂ ಅದೇ ಹೆಸರಿಗೆ ಹಕ್ಕುದಾರ. ಒಂದರ ಎಲೆ ಗೊರಸಿನಂತೆ ದುಂಡು, ಇನ್ನೊಂದರದು ಸಣ್ಣದು, ದಪ್ಪನಾದುದು. ತಂಬುಳಿಗೆ ಸಲ್ಲುವುದು ದುಂಡೆಲೆಯದು.

ಹದಿನೇಳನೆಯ ಶತಮಾನದಲ್ಲಿ ಈ ಎಲೆಯನ್ನು ಸಮುದ್ರದ ಎರಡು ದಡಗಳಲ್ಲಿಯೂ ಇಬ್ಬರು ವಿದ್ವಾಂಸರು ಗುರುತಿಸಿದರು. ಇಬ್ಬರೂ ಡಚ್ ಕಂಪನಿಯ ಸೇವೆಯಲ್ಲಿದ್ದವರು. ಕೊಚ್ಚಿಯಲ್ಲಿ ಅಧಿಕಾರಿಯಾಗಿದ್ದ ವಾನ್ ರೀಡ್ ಸಿದ್ಧಪಡಿಸಿದ ಹೊರ್ಟಸ್ ಮಲಬಾರಿಕಸ್ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟವಾಯಿತು. ಮಲೆಯಾಳದ ವೈದ್ಯ ಇಟ್ಟಿ ಅಚ್ಯುತನೊಡನೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವಿದ್ವಾಂಸರು ಆ ಕಾರ್ಯದಲ್ಲಿ ನೆರವಾದರು. ಇದೇ ಕಾಲದಲ್ಲಿ ಮಲಯ ದ್ವೀಪಸ್ತೋಮದ ಪೂರ್ವದ ಅಂಚಿನಲ್ಲಿರುವ ಅಂಬೋಯಿನಾದಲ್ಲಿ ಕುಳಿತು, ಕಣ್ಣು ಕಳೆದುಕೊಂಡ ಮೇಲೆಯೂ ಬಿಡದೆ ರುಂಫಿಯಸ್ ತನ್ನ ಸಸ್ಯಗ್ರಂಥವನ್ನು ಬರೆಯಿಸಿದನು. ಅದು ಆತ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1741ರಿಂದ ಮೊದಲ್ಗೊಂಡು ಅಚ್ಚಾಯಿತು. ಎರಡು ಗ್ರಂಥಗಳಲ್ಲಿಯೂ ಒಂದೆಲಗವಿದೆ. ರುಂಫಿಯಸ್ ಅದಕ್ಕೆ ಕುದುರೆಯ ಗೊರಸು ಎಂಬರ್ಥದ ಲ್ಯಾಟಿನ್ ಹೆಸರನ್ನಿತ್ತನು. ಆಕಾರ ಕಂಡವರಿಗೆ ಅದು ಗೊರಸು. ಒಂದೊಂದೇ ಎಲೆ ಎದ್ದು ನಿಲ್ಲುವುದನ್ನು ಕಂಡ ಕನ್ನಡಿಗರಿಗೆ ಅದು ಒಂದೆಲಗ.

ಹೀಗಿರುವಾಗ ಎಲೆಯನ್ನವು ಇಲ್ಲಿಂದ ಅಲ್ಲಿಗೆ ಹೋಯಿತೇ, ಅಲ್ಲಿಂದ ಇಲ್ಲಿಗೆ ಬಂದಿತೇ ಎಂಬ ಪ್ರಶ್ನೆ ಏಳುವುದು ಸಹಜ. ದಾರಿಯಂತೂ ಇತ್ತು. ಸುಮಾರು 1025ರಲ್ಲಿ ರಾಜೇಂದ್ರ ಚೋಳನ ನೌಕಾಸೈನ್ಯ ಶ್ರೀವಿಜಯ, ಕಡಾರಗಳ ಮೇಲೆ ದಂಡೆತ್ತಿ ಹೋಯಿತು. ಸುಮಾತ್ರದ ಬಾರುಸ್ ಬಳಿಯ ಲೋಬು ತುವಾ ಎಂಬಲ್ಲಿ ಶಕ 1010ರ, ಎಂದರೆ ಕ್ರಿ.ಶ. 1088ರ ತಮಿಳು ಶಾಸನವೊಂದು ದೊರೆತಿದೆ. ಅದನ್ನು ಹಾಕಿಸಿದವರು ಐನೂರ್ವರೆಂಬ ವರ್ತಕಸಂಘದವರು. ಬಿಜಾಪುರ ಸೀಮೆಯ ಐಹೊಳೆಯ ಹೆಸರನ್ನು ಹೊತ್ತು ದಕ್ಷಿಣಾಪಥದಲ್ಲೆಲ್ಲ ಹಬ್ಬಿದ್ದ ಅಯ್ಯಾವೊಳೆ ಐನೂರ್ವರ ಪರಂಪರೆಯೇ ಅದು. ಮದರಾಸು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದ ನೀಲಕಂಠ ಶಾಸ್ತ್ರಿಗಳು ಆ ಶಾಸನವನ್ನು ಕುರಿತು 1932ರಲ್ಲಿಯೇ ಬರೆದರು.

ರಾಜೇಂದ್ರನ ನೌಕೆಗಳು ಪೂರ್ವಕ್ಕೆ ಹೊರಟ ಕಾಲದಲ್ಲಿಯೇ, ಅವನ ಎದುರಾಳಿಯಾದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ಎರಡನೆಯ ಚಾವುಂಡರಾಯನು ಲೋಕೋಪಕಾರವೆಂಬ ಕನ್ನಡ ಗ್ರಂಥವನ್ನು ರಚಿಸಿದನೆಂಬುದು ಸ್ವಾರಸ್ಯವಾದ ಸಂಗತಿ. ಆ ಗ್ರಂಥ ಅಚ್ಚಿನಲ್ಲಿ ಬೆಳಕು ಕಂಡುದು ಮದರಾಸಿನಲ್ಲಿಯೇ; ಎಚ್. ಶೇಷ ಅಯ್ಯಂಗಾರ್ಯರ ಸಂಪಾದಕತ್ವದಲ್ಲಿ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರವು ಅದನ್ನು 1950ರಲ್ಲಿ ಪ್ರಕಟಿಸಿತು. ಸೂಪಶಾಸ್ತ್ರ, ವೃಕ್ಷಾಯುರ್ವೇದ, ನರವೈದ್ಯ ಈ ಮೂರಕ್ಕೂ ಅದರಲ್ಲಿ ಸ್ಥಾನವಿದೆ. ಅಡುಗೆಮನೆ, ಹಿತ್ತಿಲು, ಮದ್ದಿನ ಪೆಟ್ಟಿಗೆ ಇವು ಬೇರೆಬೇರೆಯಲ್ಲವೆಂದು ತಿಳಿದ ಕಾಲದ ಗ್ರಂಥವದು. ತಂಬುಳಿಯ ಹಿಂದಿರುವ ಮನೋಧರ್ಮವೂ ಅದೇ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ಅಡುಗೆಗೇ ಮೀಸಲಾದ ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ಬರೆದಾಗ, ಅನ್ನದ ಪಾಕಕ್ಕೂ ಶಾಕಪಾಕಕ್ಕೂ ಪ್ರತ್ಯೇಕ ಅಧ್ಯಾಯಗಳು ಏರ್ಪಟ್ಟವು.

ಆದರೆ ದಾರಿಯಿತ್ತೆಂದ ಮಾತ್ರಕ್ಕೆ ಅಡುಗೆ ಆ ದಾರಿಯಲ್ಲಿ ನಡೆಯಿತೆಂದು ತೀರ್ಮಾನಿಸುವುದು ಸರಿಯಲ್ಲ. ತೇವದ ನೆಲ, ಭತ್ತದ ಬೆಳೆ, ತೆಂಗಿನ ಮರ ಇರುವಲ್ಲೆಲ್ಲ ಒಂದೆಲಗ ತಾನಾಗಿ ಬೆಳೆಯುತ್ತದೆ. ಕಾಲಬುಡದಲ್ಲಿರುವ ಎಲೆಯನ್ನು ಅನ್ನಕ್ಕೆ ಕೂಡಿಸಿಕೊಳ್ಳಲು ಯಾರಿಗೂ ಪರದೇಶದ ಗುರು ಬೇಕಾಗಿಲ್ಲ. ಈ ವಿಷಯದಲ್ಲಿ ಸಸ್ಯ, ಹೆಸರು, ಉಣ್ಣುವ ಕ್ರಮ ಈ ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಏಕೆಂದರೆ ಇವು ಮೂರೂ ಬೇರೆಬೇರೆ ದಾರಿಗಳಲ್ಲಿ ಸಂಚರಿಸುತ್ತವೆ.

ಇದಕ್ಕೆ ಎರಡು ನಿದರ್ಶನಗಳು ಸಾಕು. ಮಲಯರು ಬಹಳವಾಗಿ ಮೆಚ್ಚುವ ಎಲೆಗಳಲ್ಲೊಂದರ ಹೆಸರು ಉಲಾಂ ರಾಜಾ. ಹೆಸರಿನಲ್ಲಿ ಭಾರತದ ರಾಜನಿದ್ದಾನೆ. ಆದರೆ ಸಸ್ಯ ಅಮೆರಿಕ ಖಂಡದ ಉಷ್ಣಪ್ರದೇಶದಿಂದ ಬಂದುದು. ಹೆಸರನ್ನು ನಂಬಿದವನು ಸಸ್ಯವೂ ಇಲ್ಲಿಂದ ಹೋಯಿತೆಂದು ಮೋಸಹೋಗುತ್ತಾನೆ. ಎರಡನೆಯದು ಕನ್ನಡಿಗರ ಹಿತ್ತಿಲಿನಲ್ಲೇ ಇದೆ. ಚಕ್ರಮುನಿ ಸೊಪ್ಪೆಂದು ಕರಾವಳಿಯಲ್ಲಿ ಪ್ರಸಿದ್ಧವಾದ ಗಿಡವನ್ನು ಮಲೆಯಾಳಿಗಳು ಚೆಕ್ಕುರ್‌ಮಾನಿಸ್ ಎನ್ನುತ್ತಾರೆ. ಮಲಯದಲ್ಲಿ ಅದರ ಹೆಸರು ಚೆಕುರ್ ಮಾನಿಸ್. ಮಾನಿಸ್ ಎಂದರೆ ಸಿಹಿ. ಈ ಮೂರು ಹೆಸರುಗಳನ್ನು ಸಾಲಾಗಿಟ್ಟು ನೋಡಿದರೆ, ಕನ್ನಡದ ಕಿವಿಗೆ ಅರ್ಥವಾಗದ ಪರದೇಶದ ಮಾತು ಚಕ್ರವನ್ನೂ ಮುನಿಯನ್ನೂ ಕೂಡಿಸಿಕೊಂಡು ಪೌರಾಣಿಕ ವೇಷ ಧರಿಸಿತೆಂದು ತಿಳಿಯುವುದು ಯುಕ್ತವಾಗಿದೆ. ಆದರೆ ಆ ಸಸ್ಯ ಭಾರತದ ಕಾಡುಗಳಲ್ಲಿಯೂ ಸಹಜವಾಗಿ ಬೆಳೆಯುತ್ತದೆ. ಎಂದರೆ ಇಲ್ಲಿ ಸಮುದ್ರ ದಾಟಿ ಬಂದುದು ಹೆಸರು. ಅದರೊಡನೆ ಹಿತ್ತಿಲಲ್ಲಿ ನೆಟ್ಟು ಬೆಳೆಸುವ ವಾಡಿಕೆಯೂ ಬಂದಿರಬಹುದು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ದೀರ್ಘಕಾಲ ಸಸ್ಯಶಾಸ್ತ್ರವನ್ನು ಬೋಧಿಸಿದ ಬಿ. ಜಿ. ಎಲ್. ಸ್ವಾಮಿಯವರು, ಕನ್ನಡಿಗರ ಊಟದಲ್ಲಿ ಪಶ್ಚಿಮ ಗೋಳಾರ್ಧದಿಂದ ಬಂದ ಕಾಯಿಪಲ್ಯಗಳ ಪಾಲೆಷ್ಟೆಂಬುದನ್ನು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ ಎಂಬ ಗ್ರಂಥದಲ್ಲಿ ತೋರಿಸಿಕೊಟ್ಟರು. ಪೂರ್ವದ ದಿಕ್ಕಿನಿಂದ ಬಂದ ಹೆಸರುಗಳನ್ನೂ ಎಲೆಗಳನ್ನೂ ಅದೇ ವಿವೇಚನೆಯಿಂದ ಪರಿಶೀಲಿಸುವುದಾದರೆ ಚಕ್ರಮುನಿ ಒಳ್ಳೆಯ ಪ್ರಾರಂಭವಾದೀತು.

ಮದರಾಸಿಗೆ ಕನ್ನಡ ಕರಾವಳಿಯ ಅಡುಗೆ ಬಂದುದು ರಾಜ್ಯಾಡಳಿತದ ದಾರಿಯಲ್ಲಿ. 1799ರಲ್ಲಿ ಕಂಪನಿಯ ವಶವಾದ ಕನ್ನಡ ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಸೇರಿತು. ಅದರ ಉತ್ತರಭಾಗ 1862ರಲ್ಲಿ ಮುಂಬಯಿಗೆ ಹೋಯಿತು. ದಕ್ಷಿಣ ಕನ್ನಡ ಮಾತ್ರ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮದರಾಸಿನಲ್ಲಿಯೇ ಉಳಿಯಿತು. ಆ ಕಾಲದಲ್ಲಿ ವಿದ್ಯೆಗಾಗಿ, ವಕೀಲಿಗಾಗಿ, ಉದ್ಯೋಗಕ್ಕಾಗಿ ಮಂಗಳೂರು, ಉಡುಪಿ, ಕಾಸರಗೋಡುಗಳ ಜನ ಬರುತ್ತಿದ್ದುದು ಈ ನಗರಕ್ಕೆ. ಅವರ ಬೆನ್ನಲ್ಲೇ ಬಂದವರು ಅಡುಗೆಯವರು. ಕಡಂದಲೆಯಿಂದ ಬಂದು ಇಲ್ಲಿ ಬಡತನದಿಂದ ಮೇಲೆದ್ದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸನ್ನು ತೆರೆದುದು ಈ ಚರಿತ್ರೆಯ ಒಂದು ಮುಖ್ಯ ಘಟ್ಟ. ಅಗ್ಗದ ದರ, ಶುಚಿ, ತಪ್ಪದ ರುಚಿ ಇವುಗಳ ಬಲದಿಂದ ಉಡುಪಿಯ ಹೆಸರು ಊರಿನ ಹೆಸರಾಗಿ ಉಳಿಯದೆ ಒಂದು ಪದ್ಧತಿಯ ಹೆಸರಾಯಿತು.

ಆದರೆ ಹೋಟೆಲಿಗೆ ತನ್ನದೇ ಆದ ನ್ಯಾಯವಿದೆ. ಬೆಳಗಿನಿಂದ ರಾತ್ರಿಯವರೆಗೆ ಕೆಡದೆ ನಿಲ್ಲುವ, ಎಷ್ಟು ಜನ ಬಂದರೂ ಒಂದೇ ರುಚಿಯಲ್ಲಿ ಬಡಿಸಬಹುದಾದ, ಬೇರೆ ಭಾಷೆಯ ಗಿರಾಕಿಗೂ ಹಿಡಿಸುವ ತಿಂಡಿಗೇ ಅಲ್ಲಿ ಪುರಸ್ಕಾರ. ತಂಬುಳಿ ಈ ಮೂರಕ್ಕೂ ಒಗ್ಗದು. ಅರೆದು ಎರಡು ಗಳಿಗೆ ಕಳೆದರೆ ಮಜ್ಜಿಗೆ ಹುಳಿಯೇರುತ್ತದೆ, ಸೊಪ್ಪಿನ ಬಣ್ಣ ಕೆಡುತ್ತದೆ. ಎಲೆ ಅಂದಂದಿನದೇ ಆಗಬೇಕು. ಅದರ ಒಗರು, ಕಹಿಗಳು ಬಾಲ್ಯದಿಂದ ರೂಢಿಯಾದ ನಾಲಗೆಗೇ ರುಚಿಸುವಂಥವು. ಆದುದರಿಂದ ದೋಸೆ, ಇಡ್ಲಿ, ಸಾಂಬಾರುಗಳು ಬೀದಿಗೆ ಬಂದು ಕೀರ್ತಿವೆತ್ತುವು. ತಂಬುಳಿ ಮನೆಯೊಳಗೇ ಉಳಿಯಿತು. ಇದು ಹೋಟೆಲಿನವರ ದೋಷವಲ್ಲ. ನಾಸಿ ಉಲಾಂ ಕೂಡ ಉಣ್ಣುವ ಹೊತ್ತಿಗೆ ಕಲಸಬೇಕಾದ ಊಟವೇ ಆದುದರಿಂದ ಅದರ ನಿಜವಾದ ನೆಲೆಯೂ ಮನೆಯೇ.

ಕ್ಯಾಥೆಡ್ರಲ್ ರಸ್ತೆಯಲ್ಲಿ ಕೃಷಿ-ತೋಟಗಾರಿಕೆ ಸಂಘದ ಆವರಣದಲ್ಲಿ 1962ರಿಂದ 2008ರವರೆಗೆ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲು ನಡೆಯುತ್ತಿತ್ತು. ಮರಗಳ ನೆರಳಿನಲ್ಲಿ ಕಾರಿನೊಳಗೇ ಕುಳಿತು ತಿಂಡಿ ತಿಂದವರ ಸಂಖ್ಯೆಗೆ ಲೆಕ್ಕವಿಲ್ಲ. ಅದೇ ಜಾಗದಲ್ಲಿ 2010ರಲ್ಲಿ ಸೆಮ್ಮೊಳಿ ಪೂಂಗಾ ಎಂಬ ಸಸ್ಯೋದ್ಯಾನ ತಲೆಯೆತ್ತಿತು. ಹೋಟೆಲು ಹೋಗಿ ಗಿಡ ಬಂದ ಆ ಸ್ಥಳ ಮದರಾಸಿನ ಕನ್ನಡಿಗರಿಗೆ ಒಂದು ಮಾತನ್ನು ನೆನಪಿಸುವಂತಿದೆ. ಹೋಟೆಲುಗಳು ಏಳುತ್ತವೆ, ಮುಚ್ಚುತ್ತವೆ. ಅವು ಕಾಪಾಡಿದ ರುಚಿಗಳನ್ನು ನೆನೆಯುವವರೂ ಬರೆಯುವವರೂ ಬೇಕಾದಷ್ಟು ಜನ ಇದ್ದಾರೆ. ಅವು ಕಾಪಾಡಲಾರದೆ ಹೋದುದಕ್ಕೆ ಮನೆಯಲ್ಲದೆ ಬೇರೆ ಆಶ್ರಯವಿಲ್ಲ.

ಆ ಆಶ್ರಯ ಈಗ ಶಿಥಿಲವಾಗುತ್ತಿದೆ. ಊರಿನ ಹಿತ್ತಿಲನ್ನು ಕಂಡ ತಲೆಮಾರಿಗೆ ಎಲೆಯ ಗುರುತೂ ಇತ್ತು, ಅಳತೆಯೂ ಇತ್ತು. ನಗರದಲ್ಲಿ ಹುಟ್ಟಿದ ಎರಡನೆಯ ತಲೆಮಾರಿಗೆ ರುಚಿ ಉಳಿಯಿತು, ಗುರುತು ಅಳಿಯಿತು. ಮೂರನೆಯದಕ್ಕೆ ಉಳಿಯುವುದು ಹೆಸರೊಂದೇ ಆಗಬಹುದು. ಈ ನಷ್ಟ ಬರಿಯ ರುಚಿಯದಲ್ಲ. ಯಾವ ಎಲೆಯನ್ನು ಹಸಿಯಾಗಿ ಅರೆಯಬಹುದು, ಯಾವುದನ್ನು ತುಪ್ಪದಲ್ಲಿ ಬಾಡಿಸಬೇಕು, ಒಂದು ಊಟಕ್ಕೆ ಎಷ್ಟು ಹಿಡಿ ಸಾಕು ಎಂಬ ತಿಳಿವಳಿಕೆಯೂ ಅದರೊಡನೆ ಹೋಗುತ್ತದೆ. ಆ ತಿಳಿವಳಿಕೆಯ ಬೆಲೆಗೆ ಚಕ್ರಮುನಿಯೇ ಸಾಕ್ಷಿ. ಮಲಯದಲ್ಲಿಯೂ ಕರಾವಳಿಯಲ್ಲಿಯೂ ಜನ ಅದನ್ನು ಬೇಯಿಸಿ ಮಿತವಾಗಿ ಉಣ್ಣುತ್ತ ಬಂದಿದ್ದಾರೆ. 1990ರ ದಶಕದ ಮಧ್ಯಭಾಗದಲ್ಲಿ ತೈವಾನಿನಲ್ಲಿ ಮೈ ಇಳಿಸುವ ಆಸೆಯಿಂದ ಅದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರು ಶ್ವಾಸನಾಳಗಳು ಮುಚ್ಚಿಹೋಗುವ ಗಂಭೀರ ವ್ಯಾಧಿಗೆ ತುತ್ತಾದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಎಲೆ ಅದೇ, ಹಿಂದಿನವರ ಅಳತೆ ಮಾತ್ರ ಇರಲಿಲ್ಲ.

ಮದರಾಸಿನ ಕನ್ನಡಿಗರಿಗೆ ಎಲೆ ದೊರೆಯುವುದಿಲ್ಲವೆಂಬ ನೆಪಕ್ಕೆ ಅವಕಾಶವಿಲ್ಲ. ಒಂದೆಲಗವು ವಲ್ಲಾರೈ ಎಂಬ ಹೆಸರಿನಲ್ಲಿ ಚೆನ್ನೈಯ ಕೀರೆಯ ಅಂಗಡಿಗಳಲ್ಲಿ ಕಟ್ಟುಕಟ್ಟಾಗಿ ಮಾರಾಟವಾಗುತ್ತದೆ. ತಮಿಳರು ಅದರಿಂದ ತುವೈಯಲ್ ಮಾಡುತ್ತಾರೆ. ದೊಡ್ಡಪತ್ರೆ ಇಲ್ಲಿಯ ಕರ್ಪೂರವಳ್ಳಿ. ಮಹಡಿಯ ಮೇಲಿನ ಕುಂಡದಲ್ಲಿಯೂ ಅದು ಬೆಳೆಯುತ್ತದೆ. ಮರೆತುಹೋಗಿರುವುದು ಎಲೆಯಲ್ಲ, ಈ ಹೆಸರೂ ಆ ಹೆಸರೂ ಒಂದೇ ಎಲೆಯದೆಂಬ ಅರಿವು.

ಆದುದರಿಂದ ಹಿರಿಯರು ಇರುವ ಪ್ರತಿಯೊಂದು ಮನೆಯಲ್ಲಿಯೂ ಅವರು ಬಲ್ಲ ತಂಬುಳಿಗಳ ಪಟ್ಟಿಯನ್ನು ಬರೆದಿಡುವುದು ಆವಶ್ಯಕವಾದ ಕಾರ್ಯ. ಎಲೆಯ ಕನ್ನಡ ಹೆಸರು, ತುಳು ಅಥವಾ ಕೊಂಕಣಿ ಹೆಸರು, ಮಾರುಕಟ್ಟೆಯ ತಮಿಳು ಹೆಸರು, ಹಸಿಯೋ ಬಾಡಿಸಿದುದೋ, ಎಷ್ಟು ಹಿಡಿ, ಯಾವ ಋತು ಇಷ್ಟನ್ನು ಒಂದೊಂದು ಪುಟದಲ್ಲಿ ಬರೆದರೆ ಸಾಕು. ಸಾವಿರ ವರ್ಷಗಳ ಹಿಂದೆ ಲೋಕೋಪಕಾರದ ಕರ್ತೃ ಅಡುಗೆಯನ್ನು ಬರೆದಿಡತಕ್ಕ ವಿದ್ಯೆಯೆಂದೇ ಎಣಿಸಿದನು. ಅವನ ಗ್ರಂಥವನ್ನು ಅಳಿಯದಂತೆ ಅಚ್ಚುಹಾಕಿಸಿದ ನಗರ ಇದು. ವಲ್ಲಾರೈಯ ಕಟ್ಟನ್ನು ಕೊಂಡು ತಂದ ದಿನ ಒರಳಿನ ಪಕ್ಕದಲ್ಲಿ ಒಂದು ಹಾಳೆಯನ್ನೂ ಇಟ್ಟುಕೊಂಡರೆ ಆ ಕಾರ್ಯ ಪ್ರಾರಂಭವಾದಂತೆಯೇ ಸರಿ.